ಹಾವು ಹೋದ ಮೂರು ನಿಮಿಷಕ್ಕೆ

ನನಗೆ ಮೊದಲು ಕೇಳಿಸಿದ ಎದೆಬಡಿತ ಮನುಷ್ಯನದಲ್ಲ. ಕಾರ್ಖಾನೆಯಲ್ಲಿ ನನ್ನನ್ನು ಪರೀಕ್ಷಿಸಲು ಯಂತ್ರವೊಂದು ಹೊರಡಿಸಿದ್ದು. ನಾನು ಒಂದು ಹೋಲ್ಟರ್. ರೋಗಿಯ ಸೊಂಟದಲ್ಲಿದ್ದು, ಎದೆಗಂಟಿಸಿದ ತಂತಿಗಳ ಮೂಲಕ ಇಪ್ಪತ್ನಾಲ್ಕು ಗಂಟೆ ಹೃದಯದ ಬಡಿತವನ್ನು ದಾಖಲಿಸುವ ಪುಟ್ಟ ಪೆಟ್ಟಿಗೆ. ಆ ಹೊತ್ತಿನಲ್ಲಿ ಏನೇನು ಮಾಡಿದೆನೆಂದು ರೋಗಿ ಗಂಟೆ, ನಿಮಿಷದ ಸಮೇತ ಚೀಟಿಯಲ್ಲಿ ಬರೆಯಬೇಕು.

ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ನೂರಾರು ಸೊಂಟಗಳನ್ನು ಸುತ್ತಿದೆ. ಮೆದುಳಿನಿಂದ ಹೃದಯಕ್ಕೆ ಎರಡು ಬಗೆಯ ನರಗಳು ಬರುತ್ತವೆ: ಒಂದು ಓಡಿಸಲು, ಇನ್ನೊಂದು ತಡೆಯಲು. ನಿದ್ದೆಯಲ್ಲಿ ಬಡಿತ ಇಳಿಯುತ್ತದೆ. ಬೆಳಗಿನ ಮುಂಚೆ, ಮಲಗಿದವರಿಗೆ ಎಚ್ಚರವೇ ಇಲ್ಲದಾಗ, ಮತ್ತೆ ಏರತೊಡಗುತ್ತದೆ. ಎಲ್ಲರಲ್ಲೂ ಹೀಗೇ.

ಬಸಲಿಂಗಪ್ಪ ಹೂಗಾರನಲ್ಲಿ ಹಾಗಿರಲಿಲ್ಲ. ಅಪರಿಚಿತ ಯುವಕನೊಬ್ಬನ ಹೃದಯವನ್ನು ಅವನಿಗೆ ಕಸಿ ಮಾಡಿ ಆರು ತಿಂಗಳಾಗಿತ್ತು. ಅವನು ಗೊರಕೆ ಹೊಡೆಯುವಾಗಲೂ ಅದು ತೊಂಬತ್ತೆರಡರಲ್ಲಿ ಬಡಿಯುತ್ತಿತ್ತು, ಮಲಗಿದವನೊಳಗೆ ಇನ್ಯಾರೋ ಎದ್ದು ಕೂತಂತೆ.

ಮರುದಿನ ಹತ್ತೂಕಾಲಿಗೆ ಮಾಲೆ ಕಟ್ಟಲು ಕೈ ಹಾಕಿದ ಹೂವಿನ ಬುಟ್ಟಿಯಿಂದ ಹಾವು ತಲೆಯೆತ್ತಿತು. ಅವನ ಮೈ ನಡುಗಿತು; ಬಡಿತ ತೊಂಬತ್ತಾರರಿಂದ ಅಲ್ಲಾಡಲಿಲ್ಲ. ಹಾವು ಹೋಯಿತು. ಅವನು ನಗುತ್ತಾ ಚಹಾ ಕುಡಿಯುವಾಗ, ಮೂರು ನಿಮಿಷದ ಮೇಲೆ, ಅದು ನೂರ ಹದಿನೆಂಟಕ್ಕೆ ಏರಿತು.

"ಹಾವಿಗೇ ಅಲ್ಲಾಡದ ಎದಿ, ನನ್ನ ಕಂಡ್ರ ಏನ್ ಅಲ್ಲಾಡೀತು?" ಎಂದು ಹೆಂಡತಿ ನೀಲವ್ವ ಚುಚ್ಚಿದಳು.

ಚೀಟಿಗೂ ನನ್ನ ದಾಖಲೆಗೂ ತಾಳೆಯಾಗದಿದ್ದಾಗ ತಂತ್ರಜ್ಞೆ ಪ್ರಮೀಳಾ ನನ್ನ ಗಡಿಯಾರ ಮೂರು ನಿಮಿಷ ಮುಂದಿದೆಯೆಂದು ತೀರ್ಮಾನಿಸಿ, ನನ್ನನ್ನು ಕೆಟ್ಟ ಸಾಮಾನಿನ ಡಬ್ಬಿಗೆ ಹಾಕಿದಳು. ಡಾಕ್ಟರ್ ಅಣ್ವೇಕರ್ ಎತ್ತಿಕೊಂಡರು.

"ಗಡಿಯಾರ ಸರಿ ಐತಿ. ಕಸಿ ಮಾಡುವಾಗ ನರ ಕಡದು ಹೋಗಿರ್ತಾವ. ಮೆದುಳಿನ ಸುದ್ದಿ ನೇರ ಮುಟ್ಟೂದಿಲ್ಲ. ಹೆದರಿಕಿ ರಕ್ತದಾಗ ಹರದು ಬರಬೇಕು."

"ಹಂಗಾರ ಇದಿನ್ನೂ ಕೊಟ್ಟಾವಂದಽ ಏನ್ರೀ?" ಎಂದ ಬಸಲಿಂಗಪ್ಪ. ಕೆಲವರಲ್ಲಿ ವರ್ಷಗಳು ಕಳೆದಂತೆ ನರ ಮತ್ತೆ ಬೆಳೆಯುವುದುಂಟು ಎಂದಷ್ಟೇ ಡಾಕ್ಟರು ಹೇಳಿದರು.

ಹೃದಯ ಕೊಟ್ಟವನ ಹೆಸರಲ್ಲಿ ಒಂದು ಹಾರವಾದರೂ ಹಾಕೆಂದು ನೀಲವ್ವ ವರ್ಷವರ್ಷವೂ ಹೇಳಿದಳಂತೆ. ಊರಿನ ಸತ್ತವರಿಗೆಲ್ಲ ಹಾರ ಕಟ್ಟುವವನು ಇದೊಂದನ್ನು ಕಟ್ಟಲಿಲ್ಲ. "ಜೀವಂತ ಇದ್ದಾವ್ಗ ಎಂಥಾ ಹಾರ?" ಎನ್ನುತ್ತಿದ್ದನಂತೆ.

ಆರನೆಯ ವರ್ಷ ಮತ್ತೆ ಅವನ ಸೊಂಟಕ್ಕೆ ಬಂದೆ. ನಸುಕಿನಲ್ಲಿ, ಹೂವಿನ ಪೇಟೆಗೆ ಹೊರಡಲು ಅವನು ಏಳುವ ಅರ್ಧ ಗಂಟೆ ಮೊದಲೇ, ಆ ಹೃದಯ ಮೆಲ್ಲಗೆ ಏರತೊಡಗಿತು. ಯಾರೋ ಹೆಸರು ಹಿಡಿದು ಕರೆದಂತೆ. ಸಂಜೆ ನಾಲ್ಕು ನಲವತ್ತಕ್ಕೆ ಅವನ ತೊಡೆಯ ಮೇಲೆ ತಣ್ಣಗೆ ಏನೋ ಬಿತ್ತು. ಎಂಬತ್ನಾಲ್ಕರಲ್ಲಿದ್ದ ಬಡಿತ ಆ ಕ್ಷಣವೇ ನೆಗೆಯಿತು. ಬಿದ್ದದ್ದು ಒದ್ದೆ ಹಗ್ಗ. ಚೀಟಿಯಲ್ಲಿ ನೀಲವ್ವನ ಕೈಬರಹವಿತ್ತು: 4:40, ನಾನಽ ಹೆದರಿಸೀನಿ.

ಪ್ರಮೀಳಾ ಎರಡು ಸಲ ತಾಳೆ ನೋಡಿದಳು. ನರ ಎಲ್ಲ ಅಲ್ಲದಿದ್ದರೂ ಒಂದಿಷ್ಟು ಬೆಳೆದಂತಿವೆ ಎಂದು ಡಾಕ್ಟರು ನಕ್ಕರು. ನೀಲವ್ವನೂ ನಕ್ಕಳು. ಬಸಲಿಂಗಪ್ಪ ನಗಲಿಲ್ಲ. ಅಂಗೈಯನ್ನು ಎದೆಯ ಮೇಲಿಟ್ಟುಕೊಂಡ.

"ಹಂಗಾರ ಕೊಟ್ಟಾಂವ ಈಗ ಹೋದ ನೋಡ್ರಿ" ಎಂದ.

ಮರುದಿನ ಆಸ್ಪತ್ರೆಗೆ ಸುಗಂಧರಾಜದ ಹಾರ ತಂದ. ಹಾಕಲು ಫೋಟೋ ಇರಲಿಲ್ಲ, ಹೆಸರೂ ಗೊತ್ತಿರಲಿಲ್ಲ. ಎಲ್ಲಿಡಬೇಕೆಂದು ತಿಳಿಯದೆ ಪ್ರಮೀಳಾ ನನ್ನ ಮೇಲೇ ಇಟ್ಟಳು.

ಈಗ ಹೊಸ ಯಂತ್ರಗಳು ಬಂದಿವೆ. ಬ್ಯಾಟರಿ ತೆಗೆದು ನನ್ನನ್ನು ಕಪಾಟಿನ ಮೂಲೆಗೆ ತಳ್ಳಿದ್ದಾರೆ. ತಂತಿಗಳ ನಡುವೆ ಒಣಗಿದ ಎಸಳುಗಳು ಇನ್ನೂ ಇವೆ. ಹಾವು ಬಂದಾಗ ನಾನು ದಾಖಲಿಸಿದ ಆ ಇಪ್ಪತ್ನಾಲ್ಕು ಗಂಟೆ ಯಾರದು? ಚೀಟಿಯಲ್ಲಿ ಬಸಲಿಂಗಪ್ಪನ ಹೆಸರಿದೆ. ನನಗೆ ಕೇಳಿಸಿದ್ದು ಬೇರೊಬ್ಬನದು.