ನಾಲ್ಕು ಮುಂದೆ, ಎರಡು ಹಿಂದೆ

ನಾಯಿ ಓಟದ ಮೈದಾನದಲ್ಲಿ ಪಂದ್ಯದ ಚೀಟಿ ಕೊಡುವ ಕಿಟಕಿಯ ಹಿಂದೆ ಕೂತು ನನ್ನ ಅರ್ಧ ಆಯುಷ್ಯ ಕಳೆಯಿತು. ಮನುಷ್ಯರನ್ನು ಅವರು ಕಟ್ಟುವ ಪಂದ್ಯದಿಂದಲೇ ಅಳೆಯುವ ಕೆಟ್ಟ ಚಾಳಿ ಅಲ್ಲಿಂದಲೇ ಅಂಟಿಕೊಂಡಿದ್ದು. ಗೆಲ್ಲುವ ನಾಯಿಗಷ್ಟೇ ಕಟ್ಟುವವನು 'ವಿನ್' ಕೇಳುತ್ತಾನೆ. ಅವನಿಗೆ ಎಲ್ಲವೂ ಬೇಕು, ಈಗಲೇ ಬೇಕು. ಮೊದಲನೆಯದೋ ಎರಡನೆಯದೋ ಆಗಿ ಬಂದರೆ ಸಾಕು ಎನ್ನುವವನದು 'ಪ್ಲೇಸ್'. ಇಂಥವನು ಬಿಸಿಲಿದ್ದರೂ ಕೊಡೆ ಹಿಡಿದೇ ಬರುತ್ತಾನೆ. ಮೊದಲ ಮೂರನ್ನೂ ಸಾಲಾಗಿ ಹೇಳಿಬಿಡುತ್ತೇನೆ ಎಂದು 'ಟ್ರೈಕಾಸ್ಟ್' ಕೇಳುವವರು ಆಗಲೇ ಮೂರು ಬಿಯರ್ ಮುಗಿಸಿದವರು, ಅವರ ಮಾತು ಬಿಡಿ.

ವಿಲ್ಫ್ ಹ್ಯಾಡೋ ಪ್ರತಿ ಗುರುವಾರ ಸಂಜೆ, ಆರನೆಯ ಓಟಕ್ಕೆ, ಒಂದು ಪೌಂಡಿನ 'ಫೋರ್‌ಕಾಸ್ಟ್' ಕಟ್ಟುತ್ತಿದ್ದ. ಯಾವ ನಾಯಿ ಮೊದಲು, ಯಾವುದು ಅದರ ಹಿಂದೆ ಎಂದು ಸರಿಯಾಗಿ ಹೇಳಬೇಕು. ಕ್ರಮ ತಪ್ಪಿದರೆ ಒಂದು ಪೆನ್ನಿಯೂ ಇಲ್ಲ. ಬುದ್ಧಿ ಇದ್ದವರು ಇನ್ನೊಂದು ಪೌಂಡ್ ಸೇರಿಸಿ 'ರಿವರ್ಸ್' ತೆಗೆದುಕೊಳ್ಳುತ್ತಾರೆ. ಆಗ ಅವೇ ಎರಡು ನಾಯಿಗಳು ಹಿಂದುಮುಂದಾಗಿ ಬಂದರೂ ನಡೆಯುತ್ತದೆ. ಒಂದೇ ಚೀಟಿ, ಎರಡು ಪಂದ್ಯ.

"ನಾಲ್ಕು ಮುಂದೆ, ಎರಡು ಹಿಂದೆ" ಎನ್ನುತ್ತಿದ್ದ ವಿಲ್ಫ್. ನಾಲ್ಕನೆಯ ಗೂಡಿನಿಂದ ಹೊರಡುವ ಕಪ್ಪು ಅಂಗಿಯ ನಾಯಿ ಅವನ ಹೆಂಡತಿ ಡಿಲಿಸ್‌ಳ ಆಯ್ಕೆ, ಎರಡನೆಯ ಗೂಡಿನ ನೀಲಿ ಅಂಗಿಯದು ಅವನದು. ಯಾವ ನಾಯಿ, ಹೇಗೆ ಓಡುತ್ತದೆ ಎಂದೆಲ್ಲ ಗಂಡಹೆಂಡಿರು ನೋಡಿದವರಲ್ಲ. ಬಣ್ಣ ನೋಡಿ ಕಟ್ಟಿದವರು. ಕಳೆದ ವಸಂತದಲ್ಲಿ ಡಿಲಿಸ್ ತೀರಿಕೊಂಡಳು. ಅಲ್ಲಿಂದ ಅವನೊಬ್ಬನೇ ಬಂದು ಅದೇ ಪಂದ್ಯ ಕಟ್ಟುತ್ತಿದ್ದ. ಒಮ್ಮೆಯೂ ಅದು ಬರಲಿಲ್ಲ.

ಪಕ್ಕದ ಕಿಟಕಿಯ ಬರ್ನಿಸ್‌ಗೆ ನನ್ನ ಗುಟ್ಟು ಗೊತ್ತಿತ್ತು. "ಈನಿಡ್, ನಿನ್ ಫೋರ್‌ಕಾಸ್ಟ್ ಬಂದ ನೋಡೇ. ತುಟಿ ಬಣ್ಣ ಸರಿ ಮಾಡ್ಕೋ."

"ಬಾಯ್ಮುಚ್ಕೊಂಡು ನಿನ್ ಕಿಟಕಿ ನೋಡ್ಕೋ."

ಅವಳು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ನನಗೆ ಅವನ ಮೇಲೆ ಮನಸ್ಸಿತ್ತು. ಗಾಜಿನ ಆಚೆ ಅವನು ಒದ್ದೆ ಟೋಪಿ ತೆಗೆದು, ಚಳಿಯ ಬಗ್ಗೆ ಎರಡು ಮಾತಾಡಿ ಹೋಗುತ್ತಿದ್ದ. ನಾನು ಆ ಎರಡು ಮಾತನ್ನು ಮುಂದಿನ ಗುರುವಾರದವರೆಗೆ ಜಗಿಯುತ್ತಿದ್ದೆ. ಇದಕ್ಕಿಂತ ಹೆಚ್ಚು ಕೇಳುವ ಧೈರ್ಯ ನನಗಿರಲಿಲ್ಲ. ನಾನು ಹುಟ್ಟಿದ್ದೇ ಪ್ಲೇಸ್ ಪಂದ್ಯದವಳಾಗಿ.

ನವೆಂಬರಿನ ಆ ಗುರುವಾರ ಅವನು ಕೆಮ್ಮುತ್ತಾ ಬಂದ. ಮುಖ ಬಾಡಿತ್ತು.

"ಇವತ್ತಾದ್ರೂ ರಿವರ್ಸ್ ಹಾಕ್ಲಾ, ವಿಲ್ಫ್?"

"ಬೇಡ ಬೇಡ. ಅವಳನ್ನ ಹಿಂದೆ ಹಾಕಿದ್ರೆ ಮೇಲಿಂದ ಚಪ್ಪಲಿ ಬರುತ್ತೆ."

ಅವನು ನಕ್ಕ, ಮತ್ತೆ ಕೆಮ್ಮಿದ. ಈ ಮನುಷ್ಯ ಒಂದು ಸಲವಾದರೂ ಗೆಲ್ಲಲಿ ಎನಿಸಿ ರಿವರ್ಸ್ ಗುಂಡಿಯನ್ನೇ ಒತ್ತಿದೆ. ಎರಡನೆಯ ಪೌಂಡನ್ನು ನನ್ನ ಪರ್ಸಿನಿಂದ ತೆಗೆದು ಡ್ರಾಯರಿಗೆ ಹಾಕಿದೆ. ಕಿಟಕಿಯೊಳಗೆ ಕೂತವರು ಪಂದ್ಯಕ್ಕೆ ಕೈಹಾಕುವಂತಿಲ್ಲ. ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ. ಅವನು ಚೀಟಿ ನೋಡದೆ ಟೋಪಿಯೊಳಗೆ ಸಿಕ್ಕಿಸಿಕೊಂಡು ಹೋದ.

ನಾಯಿಗಳು ಬೆನ್ನಟ್ಟುವ ಯಂತ್ರದ ಮೊಲ ಗಡಗಡ ಎಂದು ಹೊರಟಿತು, ಗೂಡಿನ ಬಾಗಿಲುಗಳು ತೆರೆದವು. ಕೊನೆಯ ತಿರುವಿನಲ್ಲಿ ಕಪ್ಪು ಅಂಗಿಯದೇ ಮುಂದಿತ್ತು. ಗೆರೆಯ ಹತ್ತಿರ ನೀಲಿಯದು ಅದನ್ನು ಹಿಂದೆ ಹಾಕಿತು. ಎರಡು ಮುಂದೆ, ನಾಲ್ಕು ಹಿಂದೆ.

ಸೋತೆನೆಂದುಕೊಂಡ ವಿಲ್ಫ್ ಚೀಟಿಯನ್ನು ಎಲ್ಲರ ಹಾಗೆ ನೆಲಕ್ಕೆ ಹಾಕುವುದರಲ್ಲಿದ್ದ. ನಾನು ಗಾಜು ಬಡಿದೆ.

"ವಿಲ್ಫ್, ಚೀಟಿ ಸರಿಯಾಗಿ ಓದಿ. ಗೆದ್ದಿದೆ."

ಓದಿದ. ಅವನ ಮುಖ ಅರಳುತ್ತದೆಂದು ಕಾದಿದ್ದೆ, ಅದು ಬಿಳಚಿಕೊಂಡಿತು. ಕಿಟಕಿಯ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಹಾಗಾದ್ರೆ ಇದೇ ಕೊನೆ ಗುರುವಾರ."

"ಯಾಕೆ?"

"ಸಮುದ್ರದ ದಂಡೇಲಿ, ವಿಟ್ಬೀಲಿರೋ ತಂಗಿ ಬಾ ಬಾ ಅಂತ ಪ್ರಾಣ ತಿಂತಿದ್ಲು. ಡಿಲಿಸ್ ಪಂದ್ಯ ಒಂದು ಬರ್ಲಿ, ಆ ವಾರಾನೇ ಮನೆ ಮಾರಿ ಬರ್ತೀನಿ ಅಂತ ಮಾತು ಕೊಟ್ಟಿದ್ದೆ. ಈಗ ಬಂತಲ್ಲ."

"ಹೋಗೋಕೆ ಇಷ್ಟ ಇದ್ಯಾ?"

"ಇಷ್ಟದ ಮಾತಲ್ಲ. ಕೊಟ್ಟ ಮಾತು."

ನನ್ನ ಕೈಯಾರೆ ನಾನೇ ಅವನನ್ನು ಸಮುದ್ರದ ದಂಡೆಗೆ ಕಳಿಸುತ್ತಿದ್ದೆ. ಪಕ್ಕದಲ್ಲಿ ಬರ್ನಿಸ್ ಕಿವಿ ನೆಟ್ಟಗೆ ಮಾಡಿಕೊಂಡಿದ್ದಳು, ಹಿಂದೆ ಮ್ಯಾನೇಜರ್ ಓಡಾಡುತ್ತಿದ್ದ. ಕೆಲಸ ಹೋದರೆ ಹೋಗಲಿ ಎಂದುಕೊಂಡೆ.

"ನಿಮ್ ಪಂದ್ಯ ಬಂದಿಲ್ಲ, ವಿಲ್ಫ್. ನೀವು ಕೇಳಿದ್ದು ನಾಲ್ಕು ಮುಂದೆ. ರಿವರ್ಸ್ ಒತ್ತಿದ್ದು ನಾನು, ಎರಡನೇ ಪೌಂಡ್ ನಂದು. ಈ ಚೀಟೀಲಿ ನಿಮ್ಮ ಅರ್ಧ ಸೋತಿದೆ. ಗೆದ್ದಿರೋ ಅರ್ಧ ನಂದು."

ಅವನು ನನ್ನನ್ನೇ ನೋಡಿದ. ಅಷ್ಟು ಹೊತ್ತು ಅವನು ನನ್ನನ್ನು ನೋಡಿದ್ದು ಅದೇ ಮೊದಲು.

"ಅಂದ್ರೆ ನಾನು ಸೋತೆ."

"ಪೂರ್ತಿ ಸೋತ್ರಿ."

ಕಿಟಕಿಯ ಕಟ್ಟೆಗೆ ಎರಡೂ ಕೈ ಊರಿ ಅವನು ಉಸಿರು ಬಿಟ್ಟ.

"ಸದ್ಯ" ಎಂದ.

ಚೀಟಿಯನ್ನು ನನ್ನ ಕಡೆ ತಳ್ಳಿ, ಟೋಪಿ ಹಾಕಿಕೊಂಡು ಹೊರಟುಹೋದ. ಅದರ ಹಣ ನಾನು ಪಡೆಯುವಂತಿಲ್ಲ, ಪಡೆಯಲೂ ಇಲ್ಲ. ಆ ಚೀಟಿ ಈಗಲೂ ನನ್ನ ಕೋಟಿನ ಜೇಬಿನಲ್ಲೇ ಇದೆ.

ಮುಂದಿನ ಗುರುವಾರ ಅವನು ಬಂದ. ಕೆಮ್ಮು ಕಡಿಮೆಯಾಗಿತ್ತು. ನನಗೊಂದು, ಬರ್ನಿಸ್‌ಗೊಂದು ಬಿಸಿ ಮಾಂಸದ ಪೈ ತಂದಿದ್ದ.

"ನಾಲ್ಕು ಮುಂದೆ, ಎರಡು ಹಿಂದೆ" ಎಂದ. "ಹೇಳಿದ ಹಾಗೇ ಒತ್ತಿ, ಈನಿಡ್."

ಹೇಳಿದ ಹಾಗೇ ಒತ್ತಿದೆ. ಮೊಲ ಹೊರಟಿತು. ನಾನು ಪೈ ಬದಿಗಿಟ್ಟು ಎದ್ದು ನಿಂತು, ತೀರಿಕೊಂಡ ಹೆಂಗಸಿನ ನಾಯಿ ಸೋಲಲಿ ಎಂದು ದೇವರನ್ನು ಬೇಡಿಕೊಂಡೆ.