ಎರಡನೇ ಟ್ಯೂಬು

ನನ್ನ ಅಮ್ಮ ಚಂದ್ರಾವತಿಗೆ ಯಾರ ಹಂಗೂ ಬೇಡ. ಮಂಗಳೂರು ಬಿಟ್ಟು ಕೊಚ್ಚಿಗೆ ಬಂದು ಹನ್ನೊಂದು ವರ್ಷವಾದರೂ ಪಕ್ಕದ ಫ್ಲ್ಯಾಟಿನಿಂದ ಒಂದು ಲೋಟ ಸಕ್ಕರೆ ಕೇಳಿದವಳಲ್ಲ. ಅದನ್ನು ಸ್ವಾಭಿಮಾನ ಅಂದುಕೊಂಡು ನಾನೂ ಹೆಮ್ಮೆಪಡುತ್ತಿದ್ದೆ. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ನನಗೆ ಎರಡು ಸಲ ಮೆದುಳುಜ್ವರ ಬಂದಿತ್ತು, ಎರಡು ಸಲವೂ ಒಂದೇ ಜಾತಿಯ ರೋಗಾಣುವಿನಿಂದ. ಎರಡನೇ ಸಲ ಬದುಕಿ ಎದ್ದಾಗ ಡಾಕ್ಟರ್ ಶಾಲಿನಿಗೆ ಅನುಮಾನ ಬಂತು. ರಕ್ತದಲ್ಲಿ ಕಾಂಪ್ಲಿಮೆಂಟ್ ಅನ್ನುವ ಪ್ರೋಟೀನುಗಳ ಒಂದು ತಂಡ ಇದೆಯಂತೆ. ರೋಗಾಣು ಒಳಗೆ ಬಂದರೆ ಒಂದು ಇನ್ನೊಂದನ್ನು ಎಬ್ಬಿಸುತ್ತ ಹೋಗುತ್ತದೆ. ಕೊನೆಯವು ಒಟ್ಟುಗೂಡಿ ರೋಗಾಣುವಿನ ಹೊರಪದರಕ್ಕೆ ತೂತು ಕೊರೆದು ಕೊಲ್ಲುತ್ತವೆ. ಆ ಕೊನೆಯವುಗಳಲ್ಲಿ ಒಂದು ಇಲ್ಲದಿದ್ದರೂ ತೂತು ಬೀಳುವುದಿಲ್ಲ, ಈ ರೋಗಾಣು ಆರಾಮಾಗಿ ಬೆಳೆಯುತ್ತದೆ. ನನಗೆ ಲಸಿಕೆಯನ್ನು ಹೇಗೂ ಹಾಕಿದರು. ಇದು ಹುಟ್ಟಿನಿಂದ ಬಂದ ಕೊರತೆ ಎಂದು ಖಾತ್ರಿಯಾದರೆ ತಮ್ಮ ಗುರುಕಿರಣನನ್ನೂ ಪರೀಕ್ಷಿಸಬೇಕು ಅಂದರು.

ಪರೀಕ್ಷೆ ಆಗುವುದು ತಿರುವನಂತಪುರದ ಒಂದು ಲ್ಯಾಬಿನಲ್ಲಿ. ಈ ಪ್ರೋಟೀನುಗಳು ದಾರಿಯಲ್ಲಿ ಸ್ವಲ್ಪ ಬೆಚ್ಚಗಾದರೂ ಕೆಟ್ಟುಹೋಗುತ್ತವೆ. ಅದಕ್ಕೇ ಐಸ್ ಪೆಟ್ಟಿಗೆಯಲ್ಲಿ ಎರಡು ಟ್ಯೂಬು ಕಳಿಸುವುದು ಪದ್ಧತಿ: ಒಂದು ರೋಗಿಯದು, ಇನ್ನೊಂದು ಸಂಬಂಧಿಕರಲ್ಲದ ಆರೋಗ್ಯವಂತರದು. ಎರಡೂ ಸೊನ್ನೆ ಬಂದರೆ ದಾರಿಯಲ್ಲಿ ಕೆಟ್ಟಿದೆ ಎಂದು ಅರ್ಥ. ರೋಗಿಯದು ಮಾತ್ರ ಸೊನ್ನೆಯಾದರೆ ಕೊರತೆ ನಿಜ.

ಪಕ್ಕದ ಫ್ಲ್ಯಾಟಿನ ಫಾತಿಮಾ ವಿಷಯ ಕಿವಿಗೆ ಬಿದ್ದ ಕೂಡಲೇ ಕುಪ್ಪಸದ ತೋಳು ಮೇಲಕ್ಕೆ ಮಡಚಿದಳು. "ಞಾನ್ ತರಾಮಲ್ಲೋ, ನಾನು ಕೊಡ್ತೇನೆ," ಅಂದಳು.

"ಬೇಡಮ್ಮ, ನಿಂಗ್ಯಾಕೆ ತೊಂದ್ರೆ," ಅಂದಳು ಅಮ್ಮ. ಬಾಗಿಲು ಹಾಕಿ ನಮ್ಮ ಕಡೆ ತಿರುಗಿದಳು. "ಎಂತ ಮಾರಾಯ್ತಿ, ರಕ್ತ ಕೂಡ ಬೇರೆಯವರ ಹತ್ರ ಬೇಡುದಾ? ಗುರುಕಿರಣ್ ಇಲ್ವಾ? ಅವನಿಗೆ ಶೀತ ಆದದ್ದು ಕೂಡ ನಾನು ನೋಡಿಲ್ಲ."

ತಮ್ಮ ನಗುತ್ತ ತೋಳು ಚಾಚಿದ. "ನಾನು ಆರೋಗ್ಯವಂತ ಅಂತ ಒಂದು ಸರ್ಟಿಫಿಕೇಟ್ ಕೊಡ್ಸು ಚೇಚಿ," ಅಂದ. ಕೊಚ್ಚಿಗೆ ಬಂದ ಮೇಲೆ ನನ್ನನ್ನು ಅಕ್ಕ ಅನ್ನುವುದನ್ನು ಬಿಟ್ಟಿದ್ದ. ವಿಲ್ಲಿಂಗ್ಡನ್ ಐಲ್ಯಾಂಡಿನ ಕಸ್ಟಮ್ಸ್‌ನಲ್ಲಿ ದಿನವಿಡೀ ಜನರ ಅರ್ಜಿಯಲ್ಲಿ ತಪ್ಪು ಹುಡುಕುವ ಅಪ್ಪ, ಫಾರ್ಮಿನಲ್ಲಿ 'ಆರೋಗ್ಯವಂತ ಯುವಕ' ಎಂದಷ್ಟೇ ಬರೆದರು, ರೋಗಿಯ ತಮ್ಮ ಎಂದು ಬರೆಯಲಿಲ್ಲ. ನಾನೂ ಅಲ್ಲೇ ಇದ್ದೆ, ಬಾಯಿ ಬಿಡಲಿಲ್ಲ. ಅಪ್ಪ ಪೆಟ್ಟಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು ರೈಲಿನಲ್ಲಿ ಹೋಗಿ ಕೊಟ್ಟು ಬಂದರು.

ಎರಡೂ ಸೊನ್ನೆ ಬಂತು. ಮಾದರಿ ಕೆಟ್ಟಿದೆ, ಮತ್ತೆ ಕಳಿಸಿ ಎಂದು ಲ್ಯಾಬು ಬರೆಯಿತು. ಡಾಕ್ಟರ್ ಎರಡು ಸಲ ಫೋನ್ ಮಾಡಿದರು. ಅಪ್ಪನಿಗೆ ರಜೆ ಇರಲಿಲ್ಲ, ನನಗೆ ಪರೀಕ್ಷೆ ಇತ್ತು, ಅಮ್ಮನಿಗೆ ನಾನು ಎದ್ದು ಓಡಾಡಿದ್ದೇ ಸಾಕಾಗಿತ್ತು. ಅದು ಹಾಗೇ ಬಿದ್ದುಹೋಯಿತು.

ಎಂಟು ತಿಂಗಳಿಗೆ ಗುರುಕಿರಣ್ ತಿರುವನಂತಪುರದ ಹಾಸ್ಟೆಲಿನಲ್ಲಿದ್ದ. ಬೆಳಿಗ್ಗೆ ಜ್ವರ ಅಂತ ಫೋನ್ ಮಾಡಿದ. ಮಧ್ಯಾಹ್ನಕ್ಕೆ ಮೈಮೇಲೆ ನೇರಳೆ ಕಲೆಗಳು ಎದ್ದಿದ್ದವಂತೆ, ಅದೇ ರೋಗಾಣು. ನಮ್ಮ ರೈಲು ಕೊಲ್ಲಂ ದಾಟುವಾಗ ಅವನ ವಾರ್ಡನ್ ಫೋನ್ ಮಾಡಿದರು: ಹೋಗಿಬಿಟ್ಟ. ಅವನಿಗೆ ಹತ್ತೊಂಬತ್ತು.

ಹದಿನೈದು ದಿನ ಬಂದವರಿಗೆಲ್ಲ ಅಮ್ಮ ಒಂದೇ ಮಾತು ಹೇಳಿದಳು: ಲ್ಯಾಬಿನವರು ರಕ್ತ ಕೆಡಿಸಿದರು, ಇಲ್ಲದಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಅಪ್ಪ ತಲೆಯಾಡಿಸುತ್ತಿದ್ದರು. ನಾನು ಯಾರಿಗೂ ಹೇಳದೆ ಡಾಕ್ಟರ್ ಶಾಲಿನಿಯ ಹತ್ತಿರ ಹೋದೆ, ಫಾತಿಮಾಳನ್ನು ಕರೆದುಕೊಂಡು. ಹೊಸದಾಗಿ ಎರಡು ಟ್ಯೂಬು ಕಳಿಸಿದೆವು.

ಫಲಿತಾಂಶ ಬಂದ ದಿನ ಅಮ್ಮ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದಳು. ಕೈಯಲ್ಲಿನ ಕಾಗದ ನೋಡಿ ಏನದು ಅಂದಳು.

"ನಂದು ಸೊನ್ನೆ. ಫಾತಿಮಾಂದು ಸರಿ ಉಂಟು."

ಅವಳ ಕೈ ನಿಂತಿತು.

"ಹಾಗಾದ್ರೆ ಅವತ್ತು ರಕ್ತ ಕೆಟ್ಟದ್ದಲ್ಲ, ಅವಂದೂ ನಿಜವಾಗಿ ಸೊನ್ನೆಯೇ ಇದ್ದದ್ದಾ?"

ಇಲ್ಲ, ಅವತ್ತು ದಾರಿಯಲ್ಲೇ ಕೆಟ್ಟಿರಬೇಕು ಎಂದು ಹೇಳಬಹುದಿತ್ತು. ಅಷ್ಟು ಹೇಳಿದ್ದರೆ ಅವಳು ಉಳಿದ ಜೀವನ ಲ್ಯಾಬನ್ನು ಬೈದುಕೊಂಡು ಕಳೆಯುತ್ತಿದ್ದಳು.

"ಹೌದು," ಅಂದೆ.