ಎಡಗಡೆಯ ಹೂವು
೧೯೮೨ರಲ್ಲಿ ಚನ್ನಗಿರಿಯ ಬ್ಯಾಂಕ್ ಗುಮಾಸ್ತ ಓಂಕಾರಪ್ಪನಿಗೆ ಫಾರಿನ್ ಹುಚ್ಚು ಹಿಡಿಯಿತು. ಒಂದು ವಾರದ ರಜೆಯಲ್ಲೇ ಹೋಗಿ ಬಂದು ಡ್ಯೂಟಿಗೆ ಹಾಜರಾಗಬೇಕು, ಜೇಬಿಗೂ ಭಾರವಾಗಬಾರದು. ಕಠ್ಮಂಡುವೋ ಕೊಲಂಬೊವೋ ಎಂದು ತಲೆ ಕೆಡಿಸಿಕೊಂಡವನನ್ನು ಹೆಂಡತಿ ಕರಿಬಸಮ್ಮ ಹೂ ಕೇಳಲು ಊರಮ್ಮನ ಗುಡಿಗೆ ಕರೆದೊಯ್ದಳು. ಅಮ್ಮನ ಬಲಗಡೆಯ ಹೂ ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ಹೂವಿಗೇನು ಗೊತ್ತು ಫಾರಿನ್ನು ಎಂದು ಗೊಣಗುತ್ತಲೇ ಅವನು ಕೈಮುಗಿದ.

“ಕಠ್ಮಂಡುಗೆ ಹೋಗಾನೇನವ್ವಾ?”

ಎಡಗಡೆಯ ಹೂ ಬಿತ್ತು.

“ಕೊಲಂಬೊಗೆ?”

ಬಲಗಡೆಯದು ಬಿತ್ತು. ಓಂಕಾರಪ್ಪ ಹಿಗ್ಗಿದ.

“ಇಬ್ರೂ ವಾಪಸ್ ಬರ್ತೀವೇನವ್ವಾ?” ಕರಿಬಸಮ್ಮ ಸುಮ್ಮನೆ ಕೇಳಿದಳು.

ಎಡಗಡೆಯದು ಬಿತ್ತು.

ಗುಡಿಯಲ್ಲಿ ಗಾಳಿಯೇ ಇರಲಿಲ್ಲ. ಓಂಕಾರಪ್ಪ ಮತ್ತೆ ಕೈಮುಗಿದ. “ಹಂಗಾರೆ ಎಲ್ಲಿಗೂ ಬ್ಯಾಡ ತಾಯಿ, ಮನೇಲೇ ಇದ್ಬಿಡ್ತೀವಿ.”

ಅಮ್ಮನ ಎಡಗಡೆ ಉಳಿದಿದ್ದ ಕೊನೆಯ ಹೂವೂ ಜಾರಿ ಬಿತ್ತು.